ಹಿಂಗಾಲಿನ ಮನೆತನ

"ಕೂಗೋದು ಅಂದ್ರೆ ಬಾಯಿ ಇದ್ದೋರೆಲ್ಲ ಮಾಡೋ ಕೆಲಸ ಅಲ್ಲಮ್ಮ," ಎಂದರು ಉಗಾಯಿ. "ಅದರಲ್ಲೂ ಹೆಣ್ಣಿನ ದನಿ ಆಗೋದೇ ಇಲ್ಲ. ಕೀರಲು. ಆಟದ ಹದ ಕೆಟ್ಟುಹೋಗುತ್ತೆ."

ಟೋಕಿಯೊದ ಆ ಕಬುಕಿ ನಾಟಕಶಾಲೆಯಲ್ಲಿ ನಾಲ್ಕನೆಯ ಮಹಡಿಯೆಂದರೆ ಒಂದೇ ಅಂಕದ ಟಿಕೆಟ್ಟು ಕೊಂಡವರು ಮೆಟ್ಟಿಲು ಹತ್ತಿ ಬಂದು ಕೂರುವ ಜಾಗ. ವಿದ್ಯಾರ್ಥಿಗಳು, ನಿವೃತ್ತರು, ಮಳೆಗೆ ಒಳಬಂದವರು. ಉಗಾಯಿ ಮಾತ್ರ ಇವರಾರ ಗುಂಪಿಗೂ ಸೇರಿದವರಲ್ಲ. ಅವರು ಕೂಗುವವರ ಸಂಘದ ಹಿರಿಯರು. ನಟ ಹೆಜ್ಜೆ ಊರಿ, ಕತ್ತು ತಿರುಗಿಸಿ, ಕಣ್ಣು ನೆಟ್ಟ ಸರಿಯಾದ ಕ್ಷಣಕ್ಕೆ ಅವನ ಮನೆತನದ ಹೆಸರನ್ನು ಮೇಲಿನಿಂದ ಕೂಗುವುದು ನಲವತ್ತು ವರ್ಷಗಳಿಂದ ಅವರ ಕಾಯಕ. ಕೋಟಿನ ಮೇಲಿದ್ದ ಸಂಘದ ಬಿಲ್ಲೆಯನ್ನು ಅವರು ಮಾತಿಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾಗಿಸಾ ಮಾಡಿದ ತಪ್ಪೆಂದರೆ ನಿಜ ಹೇಳಿದ್ದು. ಪಕ್ಕದಲ್ಲಿ ಕೂತ ಈ ಮುದುಕರು "ಗಂಟಲು ನೋವಾ?" ಎಂದು ಕೇಳಿದ್ದೇ ತಡ, ಬಾಯಲ್ಲಿದ್ದ ಗಂಟಲ ಮಿಠಾಯಿಯನ್ನು ಒಂದು ಕೆನ್ನೆಗೆ ದೂಡಿ, "ಇಲ್ರಿ, ಇವತ್ತ ಕೂಗೋದೈತಿ," ಅಂದುಬಿಟ್ಟಿದ್ದಳು.

"ಯಾರಿಗಂತೆ?"

"ಕುದುರಿಗ್ರಿ. ಹಿಂಗಾಲಿನವ್ರಿಗೆ."

ಉಗಾಯಿ ಮೊದಲು ನಕ್ಕರು. ಅವಳು ನಗದಿದ್ದದ್ದು ಕಂಡು ಗಂಭೀರರಾದರು. ಆಮೇಲೆ ಶುರುವಾದದ್ದು ಈ ಪಾಠ.

ಅವಳು ಸೆತೊ ಸಮುದ್ರದ ಶೋದೊ ದ್ವೀಪದವಳು. ಎರಡು ತಿಂಗಳ ಮಟ್ಟಿಗೆ ಇಲ್ಲಿನ ಕಾಲೇಜಿಗೆ ಓದಲು ಬಂದಿದ್ದಳು. ಓದಿದ್ದಕ್ಕಿಂತ ಈ ನಾಟಕಶಾಲೆಯ ಸುತ್ತಲ ಗಲ್ಲಿಗಳಲ್ಲಿ ಅಲೆದದ್ದೇ ಹೆಚ್ಚು. ಚೌರಿ ಕಟ್ಟುವವನ ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು. ನಟರ ಪಟ ಮಾರುವ ಅಂಗಡಿಯಲ್ಲಿ ಸೋದರಮಾವ ತೆತ್ಸುಜಿಯ ಪಟ ಕೇಳಿದ್ದಳು. ಅಂಗಡಿಯಾಕೆ ಮೂರು ಪೆಟ್ಟಿಗೆ ಹುಡುಕಿ, "ಅಂಥೋರು ಯಾರೂ ಇಲ್ವಲ್ಲ," ಅಂದಿದ್ದಳು. ಇದ್ದ. ಇಪ್ಪತ್ತಾರು ವರ್ಷಗಳಿಂದ ಇದೇ ರಂಗದ ಮೇಲೆ ಇದ್ದ. ಆದರೆ ಕಪ್ಪು ಮಖಮಲ್ಲಿನ ಕುದುರೆಯೊಳಗೆ ಬಗ್ಗಿ, ಮುಂದಿನವನ ಸೊಂಟ ಹಿಡಿದು, ಹಿಂಗಾಲಾಗಿ ಇದ್ದ.

ನಟನ ಮನೆಯಲ್ಲಿ ಹುಟ್ಟಿದವನಿಗೆ ಹುಟ್ಟಿನಿಂದಲೇ ಮನೆತನದ ಹೆಸರು. ದ್ವೀಪದಿಂದ ಹದಿನೆಂಟನೆಯ ವಯಸ್ಸಿಗೆ ಓಡಿಬಂದು ತರಬೇತಿ ಶಾಲೆ ಸೇರಿದವನಿಗೆ ಕುದುರೆಯ ಕಾಲು. ಈ ತಿಂಗಳ ಆಟ ಇವತ್ತು ಮುಗಿದರೆ ಅದೂ ಮುಗಿಯಿತು. ಸೊಂಟ ಇನ್ನು ತಾಳದು ಎಂದು ವೈದ್ಯರು ಹೇಳಿಬಿಟ್ಟಿದ್ದರು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬನೂ ಅವನಿಗಾಗಿ ಬಾಯಿ ತೆರೆದಿರಲಿಲ್ಲ.

ಮೂರು ದಿನದ ಹಿಂದೆ ನಾಟಕಶಾಲೆಯ ಹಿಂಬಾಗಿಲ ಎದುರಿನ ಅಂಗಡಿಯಲ್ಲಿ ನಿಂತು ಶಾವಿಗೆ ಉಣ್ಣುತ್ತ ಮಾಮ ಮೂಗು ಮುರಿದಿದ್ದ. "ಈ ಊರಿನ ಸಾರ ನೋಡ. ಮಸಿ ಕುದಿಸಿದಂಗ."

"ಮಾಮಾ, ಕಡೀ ದಿನ ನಾ ಮ್ಯಾಲಿಂದ ಕೂಗ್ತೀನಿ."

"ಹುಚ್ಚಿ! ಹಿಂಗಾಲಿಗೆ ಯಾರರೆ ಕೂಗ್ತಾರೇನ? ಇನ್ನೂ ಮುಂಗಾಲಿನವಂಗ ಕೂಗಿಲ್ಲ. ಬೆನ್ನ ಮ್ಯಾಲ ಕುಂತ ದೊರಿಗೆ ಸಿಟ್ಟ ಬಂದ್ರ ಕೆಲಸದಿಂದ ತಗೀತಾನ."

"ಹೆಂಗೂ ನೀನ ಬಿಡಾಕತ್ತೀಯಲ್ಲ!"

ಮಾಮ ಶಾವಿಗೆ ಗಂಟಲಲ್ಲಿ ಸಿಕ್ಕಿ ಕೆಮ್ಮುವಷ್ಟು ನಕ್ಕ. ಆಮೇಲೆ ಬಟ್ಟಲೊಳಗೆ ನೋಡುತ್ತ ಹೇಳಿದ. "ಒಳಗ ಕತ್ತಲಿ ಇರ್ತೈತವ್ವ. ಕಾಣೂದು ಏನೂ ಇಲ್ಲ. ಕೇಳೂದು ಮಾತ್ರ ಎಲ್ಲಾ ಕೇಳ್ತೈತಿ. ಯಾರಿಗೆ ಕೂಗಿದ್ರು, ಎಷ್ಟ ಮಂದಿ ಕೂಗಿದ್ರು, ಎಲ್ಲಾ."

"ಕೂಗಬ್ಯಾಡ" ಎಂದು ಅವನು ಮತ್ತೆ ಎರಡು ಸಲ ಹೇಳಿದ. ಅವಳು ಆಗಲೇ ನಿರ್ಧರಿಸಿಯಾಗಿತ್ತು.

ಅವಳ ಊರಿನಲ್ಲಿ ಕೂಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ವರ್ಷಕ್ಕೊಮ್ಮೆ ಗುಡ್ಡದ ಬಯಲಲ್ಲಿ ಊರವರೇ ಆಡುವ ಆಟ. ಅಂಚೆಯವನು ಸೇನಾಪತಿಯಾಗಿ ಕತ್ತಿ ಹಿರಿದರೆ "ಅಂಚೆಯವನೇ, ನನ್ನ ಕಾಗದ ಎಲ್ಲೋ?" ಎಂದು ಮೊದಲು ಕೂಗುವವಳು ಅವಳ ಅಜ್ಜಿಯೇ. ಅಲ್ಲಿ ಹೆಂಗಸರ ದನಿಗೆ ಯಾವ ಆಟದ ಹದವೂ ಕೆಟ್ಟದ್ದಿಲ್ಲ.

"ನೋಡು ಮಗು," ಉಗಾಯಿ ದನಿ ತಗ್ಗಿಸಿದರು. ಅಂಕದ ಪರದೆ ಸರಿಯಲು ಮರದ ತುಂಡುಗಳ ತಾಳ ಶುರುವಾಗಿತ್ತು. "ನಿಮ್ಮೂರಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ. ಇದು ಟೋಕಿಯೊ. ಕೂಗಿದ್ರೆ ನಾನೇ ಕಾವಲಿನೋರನ್ನ ಕರೀತೀನಿ."

"ಕರೀರಿ," ಎಂದಳು ನಾಗಿಸಾ. "ಅವ್ರು ಮೆಟ್ಲ ಹತ್ತಿ ಬರೂದ್ರಾಗ ನಂದು ಮುಗದಿರ್ತೈತಿ."

ಅಂಕ ನಡೆಯಿತು. ಯುದ್ಧ ಗೆದ್ದೂ ಮಗನನ್ನು ಕಳೆದುಕೊಂಡ ದಳಪತಿ ಕುದುರೆಯೇರಿ ಒಬ್ಬನೇ ಮನೆಗೆ ಹೊರಡುವ ಕಥೆ. ಕುದುರೆ ರಂಗದ ಅಂಚಿಗೆ ಬಂತು. ದಳಪತಿ ತಿರುಗಿ, ಬಿಟ್ಟುಬಂದ ರಣಭೂಮಿಯನ್ನು ನೋಡಿ ಕಣ್ಣು ನೆಟ್ಟ.

"ಕುಮೊನೊಯಾ!" ಉಗಾಯಿಯ ದನಿ ಚಾಟಿಯ ಹಾಗೆ ಹೋಗಿ ಬಿತ್ತು. ಕೂದಲೆಳೆಯಷ್ಟೂ ಹಿಂದುಮುಂದಿಲ್ಲ. ನಾಗಿಸಾಗೆ ಹೊಟ್ಟೆಕಿಚ್ಚಾಯಿತು.

ಆದರೆ ಅವಳೂ ಸುಮ್ಮನೆ ಬಂದವಳಲ್ಲ. ಇದೇ ಅಂಕಕ್ಕೆ ಈ ತಿಂಗಳು ನಾಲ್ಕು ಸಲ ಬಂದು ತನ್ನ ಜಾಗ ಹುಡುಕಿಟ್ಟಿದ್ದಳು. ಕುದುರೆ ಪ್ರೇಕ್ಷಕರ ನಡುವಿನ ಹೂದಾರಿಗೆ ತಿರುಗುವಾಗ ಮುಂಗಾಲು ಮೊದಲು ಹೊರಳುತ್ತದೆ. ಹಿಂಗಾಲು ಬರುವ ತನಕ ಡೋಲು ಕಾಯುತ್ತದೆ. ಮಾತಿಲ್ಲ, ವಾದ್ಯವಿಲ್ಲ, ಎರಡು ಹೆಜ್ಜೆ. ಇಡೀ ಆಟದಲ್ಲಿ ಮಾಮನದೆನ್ನುವುದು ಆ ಎರಡು ಹೆಜ್ಜೆ ಮಾತ್ರ.

ಮುಂಗಾಲು ಹೊರಳಿತು. ಆದದ್ದಾಗಲಿ ಎಂದು ಮಿಠಾಯಿ ನುಂಗಿದಳು. ಹಿಂಗಾಲಿನ ಮೊದಲ ಹೆಜ್ಜೆ ಬಿತ್ತು.

"ತೋಫುಯಾ!"

'ಯಾ' ಎಂದರೆ ಮನೆತನವೂ ಹೌದು, ಅಂಗಡಿಯೂ ಹೌದು. ಸಾವಿರದೆಂಟುನೂರು ಜನರ ಕಿವಿಗೆ ಬಿದ್ದದ್ದು ತೋಫು, ಸೋಯಾ ಗಿಣ್ಣು ಮಾರುವ ಅಂಗಡಿ. ಕೆಳಗೆ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಉಗಾಯಿಯ ಕಿವಿ ಕೆಂಪಾಯಿತು.

"ಅಂಥ ಮನೆತನವೇ ಇಲ್ಲ!"

"ಐತ್ರಿ," ಎಂದಳು ನಾಗಿಸಾ. ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಬಗ್ಗಲಿಲ್ಲ. "ನಮ್ಮಜ್ಜಿ ಮನಿ. ಐದು ತಲಿಯಿಂದ ಬೆಳಗ್ಗಿ ನಾಕಕ್ಕ ಎದ್ದು ತೋಫು ಮಾಡ್ತಾರ. ನಿಮ್ಮ ಕುಮೊನೊಯಾಕ್ಕ ಎಷ್ಟ ತಲಿ ಆಗ್ಯಾವ್ರಿ?"

ಉಗಾಯಿಯ ಕೈ ಬಿಲ್ಲೆಗೆ ಹೋಯಿತು. ಅಷ್ಟರಲ್ಲಿ ಕೆಳಗೆ ಕುದುರೆ ನಿಂತುಬಿಟ್ಟಿತು.

ಅದು ನಿಲ್ಲಬೇಕಾದ ಜಾಗವಲ್ಲ. ಮುಂಗಾಲು ಒಂದು ಹೆಜ್ಜೆ ಎಳೆದು ನೋಡಿತು, ಹಿಂದಿನದು ಬರಲಿಲ್ಲ. ಡೋಲಿನವನು ಕೋಲು ಎತ್ತಿ ಹಿಡಿದೇ ಇದ್ದ. ಹಿಂಗಾಲುಗಳು, ಸೋತು ಕುಸಿಯುವ ಹಾಗಲ್ಲ, ವಂದಿಸುವ ಹಾಗೆ ನಿಧಾನವಾಗಿ ಮಡಿಸಿಕೊಂಡವು. ಒಂದು ಮಂಡಿ ಹಲಗೆಗೆ ತಾಗಿತು, ಆಮೇಲೆ ಇನ್ನೊಂದು. ಕಪ್ಪು ಮಖಮಲ್ಲಿನ ಬೆನ್ನು ಇಳಿಜಾರಾಯಿತು. ದಳಪತಿ ಹಿಂದಕ್ಕೆ ಜಾರಿ ಲಗಾಮನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಬಣ್ಣ ಹಚ್ಚಿದ ಮುಖ ಮಾತ್ರ ಕದಲಲಿಲ್ಲ.

ನಗುತ್ತಿದ್ದವರು ಸುಮ್ಮನಾದರು. ನಾಗಿಸಾಳನ್ನು ಹೊರಗೆ ಕರೆಯಲು ಬಂದ ಕಾವಲಿನ ಹೆಂಗಸು ಸಾಲಿನ ತುದಿಯಲ್ಲಿ, ಚಾಚಿದ ಕೈ ಚಾಚಿದಂತೆಯೇ ನಿಂತಳು.

ಕುದುರೆ ಎದ್ದಿತು. ಹೂದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಾಲ್ಕನೆಯ ಮಹಡಿಯವರಿಗೆ ಮರೆಯಾಯಿತು. ಅಲ್ಲಿಂದಾಚೆಯದು ಕೆಳಗೆ ಕೂತವರಿಗೆ ಮಾತ್ರ ಕಾಣುತ್ತದೆ. ಮೇಲಿನವರೆಲ್ಲ ಕಂಬಿಯ ಕಡೆ ಬಾಗಿದರು, ಉಗಾಯಿಯೂ ಬಾಗಿದರು. ಹಲಗೆಯ ಮೇಲೆ ಹೆಜ್ಜೆಗಳು ದೂರ ದೂರ ಹೋದವು. ಆಮೇಲೆ ಹೂದಾರಿಯ ತುದಿಯ ಪರದೆಯ ಕಬ್ಬಿಣದ ಬಳೆಗಳು ಜರ್ರೆಂದು ಸರಿದು, ಮತ್ತೆ ಜರ್ರೆಂದು ಮುಚ್ಚಿದ್ದು ಕೇಳಿಸಿತು.