ಕಪ್ಪು ಗ್ರಾನೈಟಿನಲ್ಲಿ ಕಂಡ ಇಪ್ಪತ್ತು

ಆಟ ನಡೆಸುವವಳು ಸ್ವಲ್ಪ ಸುಳ್ಳು ಹೇಳಲೇಬೇಕು. ಅದನ್ನು ಮೋಸ ಎನ್ನುವವರು ಒಂದು ಭಾನುವಾರ ಬಂದು ನನ್ನ ಕುರ್ಚಿಯಲ್ಲಿ ಕುಳಿತು ನೋಡಲಿ, ಆಮೇಲೆ ಮಾತಾಡೋಣ.

ನಮ್ಮದು ಮೇಜಿನ ಸುತ್ತ ಕುಳಿತು ಮಾತಲ್ಲೇ ಸಾಹಸ ಮಾಡುವ ಆಟ. ಆಡುವುದು ಗಲ್ಫಿನ ಅಲ್ ಕೂಜ್‌ನಲ್ಲಿ, ಭಟ್ಕಳದ ಇಹ್ಸಾನ್‌ನ ಟೈಲ್ಸ್ ಗೋದಾಮಿನಲ್ಲಿ. ಭಾನುವಾರ ಅಲ್ಲಿ ಗಿರಾಕಿಗಳಿಲ್ಲ, ಎಸಿ ಮಾತ್ರ ಇರುತ್ತದೆ. ಇಹ್ಸಾನ್, ಅವನ ಅಕ್ಕ ಮರ್ಯಮ್, ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮಂಗಳೂರಿನ ಲಾಯ್ಡ್, ಮೂವರೂ ಒಬ್ಬೊಬ್ಬ ವೀರರಾಗಿ ಆಡುತ್ತಾರೆ. ನಾನು ಇಂದ್ರಾಣಿ, ಗೇಮ್ ಮಾಸ್ಟರ್. ಅವರು ದಾಟುವ ಕಾಡು, ಅವರನ್ನು ತಿನ್ನಲು ಬರುವ ರಾಕ್ಷಸ, ಎಲ್ಲವೂ ನಾನೇ. ವಾರವಿಡೀ ಕಾರ್ಗೋ ಕಂಪನಿಯಲ್ಲಿ ಗಿರಾಕಿಗಳ ಬೈಗುಳ ತಿನ್ನುವವಳಿಗೆ ಒಂದು ದಿನ ರಾಕ್ಷಸನಾಗುವ ಸುಖ ಬೇಡವೇ?

ರಾಕ್ಷಸನ ಹೊಡೆತ ತಾಗಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಅಂಕ ಸಣ್ಣದಾದರೆ ಹೊಡೆತ ತಪ್ಪಿತು, ಇಪ್ಪತ್ತೇ ಬಿದ್ದರೆ ಪೆಟ್ಟು ದುಪ್ಪಟ್ಟು. ಪ್ರತಿಯೊಬ್ಬರ ಜೀವಕ್ಕೂ ಇಂತಿಷ್ಟು ಅಂಕ, ಪೆಟ್ಟು ಬಿದ್ದಂತೆ ಅದು ಇಳಿಯುತ್ತದೆ, ರಾಕ್ಷಸರ ಲೆಕ್ಕ ಇರುವುದು ನನ್ನ ಬಳಿ. ನನ್ನ ದಾಳ ನಿಂಬೆಹಣ್ಣಿನಷ್ಟು ದೊಡ್ಡದು, ಕಣ್ಣಿಗೆ ಚಾಳೀಸು ಬಂದಿದೆಯಲ್ಲ. ಇಪ್ಪತ್ತರ ಮುಖಕ್ಕೆ ಕೆಂಪು ಉಗುರುಬಣ್ಣವನ್ನೂ ಬಳಿದುಕೊಂಡಿದ್ದೇನೆ. ಅದನ್ನು ಹಾಕುವುದು ರಟ್ಟಿನ ಪರದೆಯ ಹಿಂದೆ. ಏನು ಬಿತ್ತೆಂದು ನಾನು ಹೇಳಿದ್ದೇ ಸತ್ಯ.

ಮರ್ಯಮ್‌ಗಾಗಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೆ. ಅವಳು ಫಿಸಿಯೋಥೆರಪಿಸ್ಟ್. ಅಬುಧಾಬಿಯ ಒಂದು ಕ್ಲಿನಿಕ್ಕು ಅವಳಿಗೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ ಕೊಟ್ಟಿತ್ತು. ತಿಂಗಳ ಕೊನೆಯೊಳಗೆ ಡ್ರೈವಿಂಗ್ ಲೈಸೆನ್ಸ್ ತರಬೇಕು, ಇಲ್ಲವಾದರೆ ಆ ಕೆಲಸ ಬೇರೆಯವರಿಗೆ. ರೋಡ್ ಟೆಸ್ಟಿನಲ್ಲಿ ಅವಳು ಮತ್ತೆ ಮತ್ತೆ ಫೇಲಾಗಿದ್ದಳು. ಪಕ್ಕದಲ್ಲಿ ಪರೀಕ್ಷಕ ಕುಳಿತನೆಂದರೆ ಅವಳ ಕೈ ನಡುಗುತ್ತಿತ್ತು. ಮೊದಲ ಸಲಕ್ಕೇ ಪಾಸಾದ ತಮ್ಮ ಚುಡಾಯಿಸಿದರೆ ಕಣ್ಣಲ್ಲಿ ನೀರು. ಅಲ್ಲಿ ಸೋಲುವ ಹುಡುಗಿ ಇಲ್ಲಾದರೂ ಗೆಲ್ಲಲಿ ಎಂದುಕೊಂಡೆ. ರಾಕ್ಷಸನ ಪೆಟ್ಟು ಅವಳ ಕಡೆ ಬಂದರೆ ತಪ್ಪಿತು ಎನ್ನುತ್ತಿದ್ದೆ. ಅವಳ ಕತ್ತಿ ತಾಗಿದರೆ ಅವನ ಜೀವ ಬೇಗ ಮುಗಿಸುತ್ತಿದ್ದೆ.

ಕೊನೆಯ ಟೆಸ್ಟಿನ ಹಿಂದಿನ ದಿನವೂ ಆಡಲು ಕುಳಿತೆವು. ಆಟದ ಗುಹೆಯೊಳಗೆ ಆನೆಗಾತ್ರದ ಉಡವೊಂದು ಮರ್ಯಮ್‌ಳ ಮೇಲೆ ಎರಗಿತು. ದಾಳ ಹಾಕಿದೆ. ಕೆಂಪು ಮುಖ ಮೇಲೆ.

"ನಾಲ್ಕು," ಎಂದೆ. "ತಪ್ಪಿತು. ಬದುಕಿದೆ ಮಾರಾಯ್ತಿ!" ಎಂದು ಚಹಾದ ಫ್ಲಾಸ್ಕಿಗಾಗಿ ಪಕ್ಕಕ್ಕೆ ಬಾಗಿದೆ.

"ಅಕ್ಕ," ಎಂದಳು ಮರ್ಯಮ್. "ಇಪ್ಪತ್ತು ಬಿದ್ದಿದೆ."

ತಿರುಗಿ ನೋಡಿದೆ. ನನ್ನ ಕುರ್ಚಿಯ ಹಿಂದಿನ ಗೋಡೆಗೆ ಇಹ್ಸಾನ್ ಆ ವಾರವಷ್ಟೇ ಹೊಸ ಕಪ್ಪು ಗ್ರಾನೈಟ್ ಹಾಕಿಸಿದ್ದ. ಅದರ ಪಾಲಿಶ್ ಎಷ್ಟು ಚೆಂದ ಎಂದು ಬಂದ ಕೂಡಲೇ ಹೊಗಳಿದವಳು ನಾನೇ! ಅದರಲ್ಲಿ ನನ್ನ ಪರದೆಯ ಒಳಗಿನದೆಲ್ಲ ಕಾಣುತ್ತಿತ್ತು, ಉಗುರುಬಣ್ಣದ ಸಮೇತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ ನನ್ನದಾಯಿತು.

"ಎಷ್ಟು ಸಮಯದಿಂದ ಹೀಗೆ?" ಎಂದು ಮರ್ಯಮ್ ಕೇಳಿದಳು.

"ಆಟ ಚೆಂದ ಆಗ್ಲಿ ಅಂತ ಸ್ವಲ್ಪ..."

"ಸೇತುವೆಯ ಮೇಲೆ ಆ ದೈತ್ಯನನ್ನು ನಾನೊಬ್ಬಳೇ ಹೊಡೆದು ಹಾಕಿದ್ದೆನಲ್ಲ. ನನ್ನಿಂದಲೂ ಆಗ್ತದೆ ಅಂತ ಆ ದಿನವೇ ಈ ಟೆಸ್ಟ್ ಬುಕ್ ಮಾಡಿದ್ದು ಅಕ್ಕ. ಅದೂ ನೀವು ಗೆಲ್ಲಿಸಿದ್ದಾ?"

"ಇಲ್ಲ! ಅವತ್ತು ನೀನು ಎರಡೇ ಏಟಿಗೆ ಅವನನ್ನು ಮುಗಿಸುವವಳಿದ್ದೆ. ಇಷ್ಟು ಸುಲಭವಾದ್ರೆ ಎಂತ ರುಚಿ ಅಂತ ಅವನ ಜೀವ ನಾನೇ ಇಮ್ಮಡಿ ಮಾಡಿದೆ. ಗುಟ್ಟಾಗಿ. ಆದ್ರೂ ನೀನೇ ಗೆದ್ದೆ."

ಇದು ದೇವರಾಣೆಗೂ ನಿಜ. ಆದರೆ ಸಿಕ್ಕಿಬಿದ್ದ ಕಳ್ಳಿಯ ನಿಜಕ್ಕೆ ಬೆಲೆ ಎಲ್ಲಿದೆ?

"ಖಲಾಸ್. ನಿಮ್ಮದು ಯಾವ್ದು ನಂಬುದು?" ಎಂದಳು. ಇಹ್ಸಾನ್ ನೆಲ ನೋಡಿದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಾಳೆ ಸ್ಟೇರಿಂಗ್ ಹಿಡಿಯುವ ಕೈಯಲ್ಲಿದ್ದ ಇಷ್ಟು ಧೈರ್ಯವನ್ನೂ ನಾನೇ ಕಿತ್ತುಕೊಂಡಿದ್ದೆ.

ಅವಳು ಕೈ ಚಾಚಿ ಪರದೆಯನ್ನು ಮಡಚಿ ಕೆಳಗಿಟ್ಟಳು.

"ಇಪ್ಪತ್ತು ಬಿದ್ದಿದೆ. ಪೆಟ್ಟು ಕೊಡಿ ಅಕ್ಕ."

"ಬೇಡ ಮರ್ಯಮ್, ನಾಳೆ ಟೆಸ್ಟ್ ಉಂಟು..."

"ಕೊಡಿ."

ಕೊಟ್ಟೆ. ದುಪ್ಪಟ್ಟು ಪೆಟ್ಟು, ಅವಳ ವೀರೆ ನೆಲಕ್ಕುರುಳಿದಳು. ಅತ್ತೇಬಿಡುತ್ತಾಳೆ ಎಂದು ಮೂವರೂ ಅವಳ ಮುಖ ನೋಡಿದೆವು. ಲಾಯ್ಡ್ ಟಿಶ್ಯೂ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಸತ್ತಿದ್ದೇನಾ, ಬಿದ್ದಿದ್ದೇನಾ?" ಎಂದು ಕೇಳಿದಳು.

"ಬಿದ್ದಿದ್ದೀ, ಅಷ್ಟೇ. ಯಾರಾದ್ರೂ ಮದ್ದು ಕೊಟ್ರೆ ಏಳಬಹುದು."

"ಹಾಗಾದ್ರೆ ನನ್ನ ಸರದಿ ಯಾವಾಗ?"

ಇಷ್ಟು ತಿಂಗಳು ನಾನು ಗಾಜಿನ ಬಳೆಯಂತೆ ಕಾಪಾಡಿಕೊಂಡು ಬಂದದ್ದು ಈ ಹುಡುಗಿಯನ್ನೇ?

ಆಟದಲ್ಲಿ ವೈದ್ಯನಾಗಿದ್ದ ಇಹ್ಸಾನ್ ತನ್ನ ಕೊನೆಯ ಮದ್ದು ಕೊಟ್ಟ. ಅವಳು ಎದ್ದಳು, ಮತ್ತೆ ಬಿದ್ದಳು, ಮತ್ತೆ ಎದ್ದಳು. ಒಂದು ದಾಳವನ್ನೂ ನಾನು ತಿರುಚಲಿಲ್ಲ, ತಿರುಚಲು ಪರದೆಯೂ ಇರಲಿಲ್ಲ. ಕೊನೆಗೆ ಅವಳೇ "ಇದು ನಮ್ಮಿಂದ ಆಗುವ ಕೆಲಸ ಅಲ್ಲ, ಯಲ್ಲಾ, ಬನ್ನಿ, ಓಡುವ!" ಎಂದಳು. ಮೂವರೂ ಗುಹೆಯಿಂದ ಬಿದ್ದು ಎದ್ದು ಓಡಿದರು. ಸೋತರು, ಚೆನ್ನಾಗಿಯೇ ಸೋತರು. ಮರ್ಯಮ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆದರೆ ಹೊರಡುವಾಗ ನನಗೆ ಬರುತ್ತೇನೆ ಎನ್ನಲಿಲ್ಲ.

ಮರುದಿನ ಆಫೀಸಿನಲ್ಲಿ ನಾನು ಯಾರ ಕಂಟೇನರನ್ನು ಯಾವ ದೇಶಕ್ಕೆ ಕಳಿಸಿದೆನೋ ಆ ದೇವರಿಗೇ ಗೊತ್ತು. ಊಟದ ಹೊತ್ತಿಗೆ ಫೋನ್ ಬಂತು.

"ಅಕ್ಕ, ಪಾಸ್!"

ನಾನು ಕಿರುಚಿದ ರಭಸಕ್ಕೆ ಮ್ಯಾನೇಜರು ಕ್ಯಾಬಿನ್ನಿನಿಂದ ಹೊರಗೆ ಬಂದರು.

"ಒಂದು ಕೇಳ್ಲಾ?" ಎಂದಳು. "ಆ ಪರೀಕ್ಷಕನ ಹಿಂದೆ ನೀವು ಇರಲಿಲ್ಲ ಅಲ್ವಾ?"

"ಇಲ್ಲ ಮಾರಾಯ್ತಿ. ಅದು ನಿನ್ನದೇ ದಾಳ."

"ಗೊತ್ತುಂಟು. ರೌಂಡ್‌ಅಬೌಟಿನಲ್ಲಿ ಒಂದು ತಪ್ಪು ಮಾಡಿದೆ. ಆಮೇಲೆ ಕೈ ನಡುಗಲಿಲ್ಲ, ಇನ್ನೂ ನನ್ನ ಸರದಿ ಉಂಟಲ್ಲ ಅಂತ ಅನಿಸಿತು."

ಮುಂದಿನ ಭಾನುವಾರ ಗೋದಾಮಿನ ಮುಂದೆ ಇಹ್ಸಾನ್‌ನ ಕಾರು ಬಂದು ನಿಂತಿತು, ಎರಡು ಗಾಡಿಗಳ ಜಾಗದಲ್ಲಿ ಓರೆಯಾಗಿ. ಸ್ಟೇರಿಂಗಿನಲ್ಲಿ ಮರ್ಯಮ್. ಪಕ್ಕದಲ್ಲಿ ಇಹ್ಸಾನ್, ಮುಖದಲ್ಲಿ ರಕ್ತವಿಲ್ಲ. ನಾನು ಪರದೆಯಿಲ್ಲದೆ, ಮೇಜಿನ ನಡುವೆ ದಾಳವಿಟ್ಟು, ಒಳ್ಳೆಯ ಹುಡುಗಿಯ ಹಾಗೆ ಕುಳಿತಿದ್ದೆ.

ಅವಳು ಬಂದವಳೇ ಮೂಲೆಯಲ್ಲಿದ್ದ ರಟ್ಟನ್ನು ಬಿಡಿಸಿ ನನ್ನ ಮುಂದೆ ನಿಲ್ಲಿಸಿದಳು. ಬೆನ್ನ ಹಿಂದಿನ ಗ್ರಾನೈಟಿಗೆ ತನ್ನ ದುಪಟ್ಟಾ ಇಳಿಬಿಟ್ಟಳು.

"ಇದು ಎಂತಕ್ಕೆ?" ಎಂದೆ. "ನನ್ನನ್ನು ಇನ್ನೂ ನಂಬ್ತೀಯಾ?"

"ಏನು ಬಿತ್ತು ಅಂತ ಗೊತ್ತಾದ್ರೆ ಹೆದರಿಕೆಯೇ ಇಲ್ಲ ಅಕ್ಕ, ಆಟ ಸಪ್ಪೆ," ಎಂದು ಕುರ್ಚಿ ಎಳೆದುಕೊಂಡಳು. "ಸುಳ್ಳು ಹೇಳಿ, ಪರವಾಗಿಲ್ಲ. ಆದ್ರೆ ಸೇತುವೆಯಲ್ಲಿ ದೈತ್ಯನ ಜೀವ ಏರಿಸಿದಿರಲ್ಲ, ಅಂಥದ್ದು ಮಾತ್ರ."