ಮಾತುಗಾರನ ಪಾಲು

“ನಮ್ಮಣ್ಣ ಹನ್ನೊಂದು ವರ್ಷ ಒಂದು ಹರಳು ಸಕ್ಕರೆ ಮುಟ್ಟಲಿಲ್ಲ, ಗೊತ್ತಾ?” ಹಾರೆಯನ್ನು ಕಲ್ಲಿನ ಸಂದಿಗೆ ತೂರಿಸುತ್ತ ಸೆಮು ಹೇಳಿದ. “ಆಪಿಯಾ ಬಂದರಿಗೆ ಸಕ್ಕರೆ ಹಡಗು ಬಂದಾಗ ಸಮುದ್ರಕ್ಕೆ ಬೆನ್ನು ಹಾಕಿ ಕೂತುಬಿಟ್ಟ. ಮೂರು ವಾರ! ಕೊನೆಗೆ ಕಪ್ತಾನನೇ ನಾಚಿ ಹಡಗು ತಿರುಗಿಸಿಕೊಂಡು ಹೋದ.”

“ಹಿಂದೆ ತಿಮಿಂಗಿಲಾನೂ ಅಳ್ತಾ ಹೋಯ್ತೇನೋ!” ದಾಯಾದಿ ಪೆನಿ ಬೆವರು ಒರೆಸಿಕೊಂಡ. “ಮೊದ್ಲು ಆ ಕಲ್ಲು ಕೀಳು ಮಾರಾಯ. ಮಧ್ಯಾಹ್ನಕ್ಕೆ ಮಣ್ಣು ಮಾಡ್ಬೇಕು.”

ಆ ಊರಿನ ಎಲ್ಲರ ಹಾಗೆ ಸೆಮುವಿನ ಅಣ್ಣ ಮಲಾಕಿಯ ಗುಂಡಿಯೂ ಅವನ ಮನೆಯ ಮುಂದೆಯೇ. ಊರಿನ ಪರವಾಗಿ ಸಭೆಯಲ್ಲಿ ಮಾತಾಡುವ ಯಜಮಾನ ಅವನು. ಹನ್ನೊಂದು ವರ್ಷದ ಹಿಂದೆ ಬಂದ ಸಕ್ಕರೆ ಕಾಯಿಲೆ ಮೊದಲು ಎಡಗಾಲು ತೆಗೆದುಕೊಂಡಿತು, ಆಮೇಲೆ ಮೂತ್ರಪಿಂಡ.

ಗೋಡೆಯಿಲ್ಲದ ಮನೆಯೊಳಗೆ, ಶವಪೆಟ್ಟಿಗೆಯ ತಲೆದಿಕ್ಕಿನಲ್ಲಿ ಅವನ ಹೆಂಡತಿ ಲೋಸಾ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಬಂದವರಿಗೆಲ್ಲ ಮೀನಿನ ಖಾಲಿ ಡಬ್ಬಿಯೊಂದನ್ನು ತೋರಿಸಿ ಒಂದೇ ಮಾತು ಕೇಳುತ್ತಿದ್ದಳು:

“ಹೊತ್ತಿಗೆ ಇದರಲ್ಲಿ ಒಂದಳತೆ ಅನ್ನ ಹಾಕ್ತಿದ್ದೆ. ಜಾಸ್ತಿ ಆಯ್ತಾ? ಅರ್ಧ ಹಾಕ್ಬೇಕಿತ್ತಾ? ನನ್ನ ಕೈಯಿಂದ್ಲೇ ಹೋದ್ರಾ?”

ಸೆಮುವನ್ನೂ ಕೇಳಿದ್ದಳು. ಅವನು ಎದ್ದು ಬಂದು ಹಾರೆ ಹಿಡಿದಿದ್ದ.

*

ಮದುವೆ, ಸಾವು, ಯಾವುದೇ ಇರಲಿ, ಕೋಲೂರಿ ನಿಂತು ಮಾತಾಡಿದವನಿಗೆ ಪಾಲು ಸಲ್ಲಲೇಬೇಕು. ಬೇಡವೆಂದರೆ ಕೊಟ್ಟ ಮನೆಗೆ ಅವಮಾನ. ಮಲಾಕಿಯ ಪಾಲಿನಲ್ಲಿ ಯಾವಾಗಲೂ ತೆಂಗಿನ ಹಾಲಿನಲ್ಲಿ ಬೆಂದ ಸಿಹಿ ಬನ್ನುಗಳ ತಟ್ಟೆ. ಗಂಡ ತಿನ್ನಬಾರದೆಂದು, ಅದನ್ನು ಪಾದ್ರಿಯ ಮನೆಗೆ ಮುಟ್ಟಿಸುವ ಕೆಲಸವನ್ನು ಲೋಸಾ ಮೈದುನ ಸೆಮುವಿಗೆ ವಹಿಸಿದ್ದಳು.

ಚರ್ಚಿನ ಹಿಂದೆ ಹಲಸಿನಂಥ ಕಾಯಿ ಬಿಡುವ ಮರ. ಅಲ್ಲಿಗೆ ಬಂದರೆ ಜೊತೆಗಿದ್ದ ಅಣ್ಣ ನಿಂತುಬಿಡುತ್ತಿದ್ದ.

“ಒಂದೇ ಒಂದು, ಸೆಮು.”

ಇಡೀ ದ್ವೀಪಕ್ಕೆ ಕೇಳುವಂತೆ ಮಾತಾಡುವ ಮನುಷ್ಯ, ತಿನ್ನುವಾಗ ಮಾತ್ರ ಒಂದಕ್ಷರವೂ ಆಡುತ್ತಿರಲಿಲ್ಲ. ಆ ಮುಖ ನೋಡಲೆಂದೇ ಸೆಮು ಎರಡನೆಯದನ್ನೂ ಮುಂದೆ ಹಿಡಿಯುತ್ತಿದ್ದ. ಕಾಲು ಹೋದಮೇಲೂ ಊರು ಅವನ ಪಾಲು ನಿಲ್ಲಿಸಲಿಲ್ಲ; ಅತ್ತಿಗೆ ಚಾಪೆ ಹೆಣೆಯಲು ಹೋದ ಹೊತ್ತು ನೋಡಿ, ತಟ್ಟೆ ಹಾಸಿಗೆಯ ಬಳಿಗೇ ಬಂತು.

*

ಪಾದ್ರಿಯ ಹೆಂಡತಿ ಬಂದು ಲೋಸಾಳ ಪಕ್ಕ ಕೂತರು.

“ಅಮ್ಮಾ, ಇವರ ಪಾಲಿನ ಸಿಹಿಯನ್ನೆಲ್ಲ ಇಷ್ಟು ವರ್ಷ ನೀವು ಇಸ್ಕೊಂಡ್ರಿ. ದೊಡ್ಡ ಉಪಕಾರ,” ಎಂದಳು ಲೋಸಾ.

“ಯಾವ ಸಿಹಿ, ತಾಯಿ? ನಮ್ಮನೆಗೆ ಒಂದು ಬನ್ನೂ ಬಂದಿಲ್ವಲ್ಲ.”

ಗುಂಡಿಯಲ್ಲಿ ಹಾರೆಯ ಸದ್ದು ನಿಂತಿತು. ಪೆನಿ ಸೆಮುವಿನ ಮುಖ ನೋಡಿದವನು, ನೀರು ಕುಡಿಯುವ ನೆಪದಲ್ಲಿ ಮೇಲೆ ಹತ್ತಿ ಹೋದ.

ಲೋಸಾ ನಡೆದು ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ಸೆಮು ಎದೆಮಟ್ಟ ಮಣ್ಣಿನೊಳಗಿದ್ದ.

“ಅದು... ಅತ್ತಿಗೆ, ದಾರೀಲಿ ಕಾಡುಹಂದಿ, ನೂರು ಹಂದಿ ಅಡ್ಡ ಬಂದು...”

ಅವಳು ಕೈಯಲ್ಲಿದ್ದ ಮೀನಿನ ಡಬ್ಬಿಯನ್ನು ಅವನ ಮುಖದ ಮುಂದೆ ಹಿಡಿದಳು.

“ಹಂದಿ ಇಲ್ಲ,” ಎಂದ ಸೆಮು. “ನಾನೇ ತಿನ್ನಿಸ್ದೆ. ಹನ್ನೊಂದು ವರ್ಷಾನೂ. ಹೋದ ಭಾನುವಾರ ಮೂರು. ನಿಮ್ಮ ಅಳತೆ ಸರಿಯಾಗೇ ಇತ್ತು, ಅತ್ತಿಗೆ.”

ಲೋಸಾ ಡಬ್ಬಿಯನ್ನು ಪಕ್ಕಕ್ಕಿಟ್ಟು ಅಂಚಿನಲ್ಲೇ ಕೂತು, ಎರಡೂ ಪಾದಗಳನ್ನು ಗುಂಡಿಯೊಳಕ್ಕೆ ಇಳಿಬಿಟ್ಟಳು. ಅವು ಮೆಲ್ಲಗೆ ತೂಗಾಡುತ್ತಿದ್ದವು. ಸೆಮು ಅವುಗಳಿಗೆ ಜಾಗ ಬಿಟ್ಟು, ಮಣ್ಣಿನ ಗೋಡೆಗೆ ಒತ್ತಿ ನಿಂತ.