ಮಾಸ್ಟರ್ ನೀರಿಗಿಳಿದದ್ದು

ಸುಡುಬೇಸಿಗೆಯಲ್ಲೂ ಟೈಲರ್ ಮಾಸ್ಟರ್ ತುಂಬುತೋಳಿನ ಅಂಗಿಯನ್ನೇ ತೊಡುತ್ತಿದ್ದರು. ಗಿರಾಕಿಗಳು ಅದನ್ನು ಶಿಸ್ತು ಅಂದುಕೊಂಡಿದ್ದರು. ಒಳಗುಟ್ಟು ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ. ಮೊಣಕೈ, ಮೊಣಕಾಲು, ಬೆನ್ನಿನ ತುಂಬ ಕೆಂಪು ಮಚ್ಚೆಗಳು, ಅವುಗಳ ಮೇಲೆ ಬಿಳಿ ಹೊಟ್ಟು. ಸೋರಿಯಾಸಿಸ್. ಕಪ್ಪು ಬಟ್ಟೆ ಕತ್ತರಿಸುವಾಗ ಮೇಜಿನ ಮೇಲೆ ಉದುರಿದ್ದನ್ನು ಮಾಸ್ಟರ್ ಸೀಮೆಸುಣ್ಣದ ಪುಡಿ ಎಂಬಂತೆ ಊದಿಬಿಡುತ್ತಿದ್ದರು.

ಅಕ್ಕ ಬಸ್ ಕಂಡಕ್ಟರ್. ಅವಳು ಕಿವಿಯಲ್ಲಿ ಹೇಳಿದ್ದೂ ಮುಂದಿನ ಸ್ಟಾಪಿಗೆ ಕೇಳುತ್ತಿತ್ತು. ಒಂದು ದಿನ ತಮ್ಮನನ್ನು ದರದರ ಎಳೆದುಕೊಂಡು ಹೋಗಿ ಚರ್ಮದ ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ಮುಲಾಮು ಬಿಡಬೇಡಿ. ಜೊತೆಗೆ ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಮೈಯೊಡ್ಡಿ. ಸ್ವಲ್ಪ ಅಂದ್ರೆ ಸ್ವಲ್ಪಾನೇ" ಎಂದರು ಡಾಕ್ಟರಮ್ಮ.

ಬೇರೆಯವರ ಬಟ್ಟೆಗೆ ನೂಲೆಳೆಯಷ್ಟೂ ಅಳತೆ ತಪ್ಪದ ಮನುಷ್ಯ, ತನ್ನ ವಿಷಯಕ್ಕೆ ಬಂದಾಗ ಟೇಪನ್ನೇ ಮರೆತರು. ಸ್ವಲ್ಪ ಬಿಸಿಲಿಗೇ ಗುಣ ಕಾಣುವುದಾದರೆ ಜಾಸ್ತಿ ಬಿಸಿಲಿಗೆ ಇನ್ನೂ ಬೇಗ ಕಾಣಬೇಕಲ್ಲ? ಅಂಗಡಿಗೆ ರಜೆ ಇದ್ದ ದಿನ ನಡುಮಧ್ಯಾಹ್ನ ಮಹಡಿಯ ಮೇಲೆ ಚಾಪೆ ಹಾಸಿ, ಬರಿಮೈಯಲ್ಲಿ ಬೋರಲು ಮಲಗಿದರು. ಸೊಗಸಾದ ನಿದ್ದೆಯೂ ಬಂತು.

ಬಟ್ಟೆ ಒಣಹಾಕಲು ಮೇಲೆ ಬಂದ ಅಕ್ಕ ಹೌಹಾರಿದಳು. "ಅಯ್ಯೋ! ಈ ಮಗ್ಗುಲು ಬೆಂದಾಯ್ತು ಕಣೋ. ತಿರುವಿ ಹಾಕ್ಲಾ?"

ಎರಡು ದಿನ ಮಾಸ್ಟರಿಗೆ ಕುರ್ಚಿಗೆ ಒರಗಲು ಆಗಲಿಲ್ಲ. ಅದರ ಹಿಂದೆಯೇ ಹಳೆಯ ಮಚ್ಚೆಗಳು ಕೆರಳಿದವು, ಹೊಸವೂ ಎದ್ದವು. ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಬಿಸಿಲಿಗೆ ಚರ್ಮ ಸುಟ್ರೆ ಇದು ಇನ್ನೂ ಜಾಸ್ತಿಯಾಗುತ್ತೆ. ನಾನು ಹೇಳಿದ್ದೇನು, ನೀವು ಮಾಡಿದ್ದೇನು?"

"ಇವನನ್ನ ನೀರಿಗಿಳಿಸಿದ್ರೆ ಹೇಗೆ ಡಾಕ್ಟ್ರೇ?" ಎಂದಳು ಅಕ್ಕ. "ಬಿಸಿಲೂ ಸಿಗುತ್ತೆ, ನಿದ್ದೆ ಅಂತೂ ಬರಲ್ಲ."

"ಸುಟ್ಟಿದ್ದು ಪೂರ್ತಿ ಮಾಯಲಿ, ಆಮೇಲೆ ಈಜಲಿ. ಪೂಲಿನ ನೀರಲ್ಲಿ ಕ್ಲೋರಿನ್ ಇರುತ್ತೆ, ಚರ್ಮ ಒಣಗಿಸುತ್ತೆ. ಮೇಲೆ ಬಂದ ತಕ್ಷಣ ಒಳ್ಳೆ ನೀರಲ್ಲಿ ಮೈ ತೊಳೆದು, ಕ್ರೀಮ್ ಹಚ್ಕೋಬೇಕು."

ಹೀಗೆ ಒಂದು ಬೆಳಿಗ್ಗೆ ಮಾಸ್ಟರ್ ಚಡ್ಡಿಯಲ್ಲಿ, ಎದೆಗೆ ಟವೆಲು ಅವುಚಿಕೊಂಡು ಈಜುಕೊಳದ ಅಂಚಿನಲ್ಲಿ ನಿಂತರು. ಅಕ್ಕ ಆಗಲೇ ನೀರಿನಲ್ಲಿದ್ದಳು. "ಒಳಗೆ ಬಾ, ಒಳಗೆ ಬಾ! ಮುಂದೆ ಜಾಗ ಇದೆ!" ಎಂದು ಬಸ್ಸಿನ ಧಾಟಿಯಲ್ಲೇ ಕೂಗಿದಳು. ಮಾಸ್ಟರ್ ಕಣ್ಣುಮುಚ್ಚಿ ಟವೆಲು ಬಿಟ್ಟು ಇಳಿದರು.

ಪಕ್ಕದಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದ ಹೆಂಗಸೊಬ್ಬರು ಅವರ ಬೆನ್ನು ಕಂಡವರೇ ದೂರ ಸರಿದರು. "ರೀ ಗಾರ್ಡ್! ಇಂಥ ಕಾಯಿಲೆಯವರನ್ನೆಲ್ಲ ಯಾಕ್ರೀ ಬಿಡ್ತೀರಿ? ನಮಗೂ ಅಂಟಿಕೊಂಡ್ರೆ?"

ಕೊಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದರೋ ಅದೇ ಎದುರಿಗೆ ಬಂದಿತ್ತು. ಮಾಸ್ಟರಿಗೆ ಅಲ್ಲೇ ಕರಗಿಹೋಗಬಾರದೇ ಅನ್ನಿಸಿತು. ಅಕ್ಕ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ಅವಳು ಶುರು ಮಾಡಿದರೆ ಬೀದಿಗೆಲ್ಲ ಕೇಳುತ್ತದೆ. ಅಷ್ಟರಲ್ಲಿ ಆ ಹೆಂಗಸಿನ ದನಿಯ ಗುರುತು ಹತ್ತಿತು. ತನ್ನ ಹಳೆಯ ಗಿರಾಕಿ, ಬ್ಯಾಂಕಿನ ಮೇಡಂ! ತಲೆಗೆ ಟೋಪಿ, ಕಣ್ಣಿಗೆ ಕನ್ನಡಕವಿಲ್ಲ, ಅಷ್ಟೇ.

"ಮೇಡಂ, ನಾನು ನಿಮ್ಮ ಟೈಲರ್" ಎಂದರು.

"ಮಾಸ್ಟರಾ?" ಮೇಡಂ ಕಣ್ಣು ಕಿರಿದು ಮಾಡಿದರು. "ಅಂಗಿ ಇಲ್ದೆ ಗುರುತೇ ಸಿಗ್ಲಿಲ್ಲ."

"ಇದು ಅಂಟೋ ಕಾಯಿಲೆ ಅಲ್ಲ ಮೇಡಂ. ಹಾಗಿದ್ದಿದ್ರೆ ನಿಮಗೆ ಯಾವಾಗಲೋ ಬಂದಿರ್ತಿತ್ತು. ನಿಮ್ಮ ಬಟ್ಟೆಯೆಲ್ಲ ಹೊಲಿದದ್ದು ಈ ಕೈಯೇ ತಾನೆ?"

ಮೇಡಂ ತಮಗರಿವಿಲ್ಲದೆ ತಮ್ಮ ಮೊಣಕೈ ಎತ್ತಿ ನೋಡಿಕೊಂಡರು. ಅದನ್ನು ಕಂಡು ಅಕ್ಕ ನಕ್ಕ ನಗುವಿಗೆ ಗಾರ್ಡಿನ ಬಾಯಿಯಲ್ಲಿದ್ದ ಸೀಟಿ ಬಿದ್ದೇಹೋಯಿತು. ಮೇಡಮ್ಮಿನ ಮುಖ ಕೆಂಪೇರಿತು. "ತಪ್ಪು ತಿಳ್ಕೋಬೇಡಿ ಮಾಸ್ಟರ್, ಗೊತ್ತಿರ್ಲಿಲ್ಲ" ಎಂದು ಮತ್ತೆ ಹತ್ತಿರ ಬಂದು ಕಂಬಿ ಹಿಡಿದರು. ಸ್ವಲ್ಪ ಸುಧಾರಿಸಿಕೊಂಡು, "ಅದಿರ್ಲಿ, ನನ್ನ ಮಗಳ ಕೋಟು ಏನಾಯ್ತು? ಹೋದ ವಾರವೇ ಕೊಡ್ತೀನಿ ಅಂದಿದ್ರಿ" ಎಂದರು.

ಕಾಯಿಲೆಯ ಮಾತೇ ವಾಸಿಯಿತ್ತು. ಮಾಸ್ಟರ್ ಮೂಗು ಹಿಡಿದುಕೊಂಡು ಮುಳುಗಿದರು.

ಕೋಟಿನ ಗಡಿಬಿಡಿಯಲ್ಲಿ ಮೈ ತೊಳೆಯದೆ ಅಂಗಡಿಗೆ ಓಡಿದ್ದಕ್ಕೆ ಶಿಕ್ಷೆಯೂ ಆಯಿತು. ಚರ್ಮ ಬಿಗಿದು, ಸಂಜೆಯವರೆಗೆ ತುರಿಸಿ ತುರಿಸಿ ಸಾಕಾಯಿತು. ಮರುದಿನದಿಂದ ಅಕ್ಕ ಕ್ರೀಮಿನ ಡಬ್ಬಿ ಹಿಡಿದು ಕೊಳದ ಸ್ನಾನದ ಕೋಣೆಯ ಬಾಗಿಲಲ್ಲೇ ಕಾವಲು ನಿಂತಳು.

ಬೇಸಿಗೆ ಮುಗಿಯುವ ಹೊತ್ತಿಗೆ ಬೆನ್ನಿನ ಮಚ್ಚೆಗಳು ತೆಳುವಾಗಿದ್ದವು. ಮೊಣಕಾಲಿನವು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಚಳಿಗಾಲಕ್ಕೆ ಮತ್ತೆ ಕಾಣಿಸಿಕೊಳ್ಳಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮಾಸ್ಟರ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ; ಅವರಿಗೆ ಈಗ ತೇಲುವ ಹುಚ್ಚು ಹಿಡಿದಿತ್ತು. ಕೈಕಾಲು ಚಾಚಿ, ಕಿವಿ ಮುಳುಗುವಂತೆ ಅಂಗಾತ ಮಲಗಿದರೆ ಮೇಲೆ ಆಕಾಶ, ಮುಖದ ಮೇಲೆ ಹಿತವಾದ ಬಿಸಿಲು.

"ಸಾಕು ಏಳೋ, ಬಿಸಿಲೇರ್ತಿದೆ!" ಎಂದು ಅಕ್ಕ ದಡದಿಂದ ಕೂಗಿದಳು. ಅವಳ ಗಂಟಲಿಗೆ ನೀರು ಯಾವ ಲೆಕ್ಕ? ಮಾಸ್ಟರಿಗೆ ಚೆನ್ನಾಗಿಯೇ ಕೇಳಿಸಿತು. ಕೇಳಿಸದವರಂತೆ ಇನ್ನೊಂದು ಗಳಿಗೆ ಹಾಗೆಯೇ ತೇಲಿದರು.